ರಾವಸ್ ಸಾಲ್ಮನ್ ಅಲ್ಲ

ಮುಂಬೈ ಬಳಿಯ ಡೊಂಬಿವಲಿಯಲ್ಲಿ ನಮ್ಮ ಪರಿಚಯದ ಇನ್ನೊಂದು ಮನೆಯವರು ರಾವಸ್ ಮೀನು ತರುವುದನ್ನು ಬಿಟ್ಟಿದ್ದಾರೆ. ‘ಸಾಲ್ಮನ್‌ಗೆ ಬಣ್ಣ ಹಾಕ್ತಾರಂತೆ, ಆಂಟಿಬಯೋಟಿಕ್ ತಿನ್ನಿಸ್ತಾರಂತೆ.’ ಓದಿದ್ದು ನಾರ್ವೆ, ಚಿಲಿಗಳ ಸಾಕಣೆ ಮೀನಿನ ಬಗ್ಗೆ. ಬಿಟ್ಟದ್ದು ಅರಬ್ಬಿ ಸಮುದ್ರದ ಬಲೆಗೆ ಬಿದ್ದ ಮೀನನ್ನು. ರಾವಸಿಗೆ ಅಂಟಿದ ‘ಇಂಡಿಯನ್ ಸಾಲ್ಮನ್’ ಎಂಬ ಹೆಸರು ಮಾಡಿದ ಅನಾಹುತ ಇದು.

ರಾವಸಿನ ಶಾಸ್ತ್ರೀಯ ಹೆಸರು ಎಲ್ಯುಥೆರೊನೆಮಾ ಟೆಟ್ರಾಡಾಕ್ಟಿಲಮ್. ನಾಲಿಗೆ ಹೊರಳದಿದ್ದರೂ ಚಿಂತೆಯಿಲ್ಲ, ಅರ್ಥ ಗೊತ್ತಿರಲಿ. ಗ್ರೀಕಿನಲ್ಲಿ ಎಲ್ಯುಥೆರೊಸ್ ಎಂದರೆ ಬಿಡಿಯಾದದ್ದು, ನೆಮಾ ಎಂದರೆ ಎಳೆ, ಟೆಟ್ರಾ ನಾಲ್ಕು, ಡಾಕ್ಟಿಲೊಸ್ ಬೆರಳು. ಮೀನು ಮಾರುವ ಮಾವಶಿ ಕತ್ತರಿಸುವ ಮೊದಲು ಇಡೀ ಮೀನನ್ನು ತಿರುಗಿಸಿ ನೋಡಿ: ಎದೆಯ ಈಜುರೆಕ್ಕೆಯ ಕೆಳಗೆ ನಾಲ್ಕು ಬಿಡಿ ಎಳೆಗಳಿರುತ್ತವೆ. ಕದಡಿದ ನೀರಿನಲ್ಲಿ ಬೆರಳಾಡಿಸಿದ ಹಾಗೆ ಅವುಗಳಿಂದ ತಡಕಿ ಆಹಾರ ಹುಡುಕುವ ಮೀನು ಇದು. ಸಾಲ್ಮನ್‌ಗೆ ಅಂಥ ಎಳೆಗಳೇ ಇಲ್ಲ. ಅದರ ಕುಲವೇ ಬೇರೆ. ತಣ್ಣೀರಿನ ಹೊಳೆಯಲ್ಲಿ ಹುಟ್ಟಿ, ಕಡಲಲ್ಲಿ ಬೆಳೆದು, ಮೊಟ್ಟೆಯಿಡಲು ಮತ್ತೆ ಹೊಳೆಗೆ ಹತ್ತುತ್ತದೆ.

ಇನ್ನು ಆ ಬಣ್ಣದ ಮಾತು. ಕಾಡು ಸಾಲ್ಮನ್, ಅಂದರೆ ಸಾಕದೆ ತಾನಾಗಿ ಬೆಳೆದದ್ದು, ಸಿಗಡಿ ಜಾತಿಯ ಜೀವಿಗಳನ್ನು ತಿಂದು ಕೆಂಪಾಗುತ್ತದೆ. ಆ ಬಣ್ಣದ ಹೆಸರು ಅಸ್ಟಾಕ್ಸಾಂಥಿನ್. ಸಾಕಣೆಯಲ್ಲಿ ಅದನ್ನೇ ಮೇವಿಗೆ ಬೆರೆಸುತ್ತಾರೆ. ಯಾರೂ ಮಾಂಸಕ್ಕೆ ಬಣ್ಣ ಬಳಿಯುವುದಿಲ್ಲ. ಆಂಟಿಬಯೋಟಿಕ್ ವಿಷಯದಲ್ಲಿ ಎಲ್ಲ ದೇಶಗಳನ್ನೂ ಒಂದೇ ತಕ್ಕಡಿಗೆ ಹಾಕಬೇಡಿ: ಲಸಿಕೆ ಬಂದ ಮೇಲೆ ನಾರ್ವೆಯಲ್ಲಿ ಬಳಕೆ ತೀರಾ ಇಳಿಯಿತು, ಚಿಲಿಯಲ್ಲಿ ಹೆಚ್ಚೇ ಉಳಿಯಿತು. 2004ರಲ್ಲಿ ‘ಸೈನ್ಸ್’ ಪತ್ರಿಕೆಯ ಅಧ್ಯಯನವೊಂದು ಸಾಕಿದ ಸಾಲ್ಮನ್‌ನಲ್ಲಿ ಪಿಸಿಬಿ ಎಂಬ ವಿಷವಸ್ತು ಕಾಡು ಸಾಲ್ಮನ್‌ಗಿಂತ ಹೆಚ್ಚಿದೆ ಎಂದಿತು. ಮೇವಿನ ಮೀನೆಣ್ಣೆ ಅದರ ಮೂಲ. ಎಷ್ಟು ತಿಂದರೆ ಅಪಾಯ ಎಂಬ ವಾದ ಅಂದಿನಿಂದ ನಡೆದೇ ಇದೆ.

ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುವುದು ಕಡಲಿನ ಪಾಡು. ಸಾಕಣೆಯ ಪಂಜರದಲ್ಲಿ ಲಕ್ಷಗಟ್ಟಲೆ ಮೀನು ಒತ್ತಾಗಿದ್ದರೆ ಮೈಗೆ ಅಂಟಿ ಬದುಕುವ ಸಮುದ್ರ ಹೇನು ಹೆಚ್ಚುತ್ತದೆ, ಪಕ್ಕದಲ್ಲಿ ಹಾದುಹೋಗುವ ಕಾಡು ಸಾಲ್ಮನ್ ಮರಿಗಳಿಗೂ ಹತ್ತುತ್ತದೆ. ತಪ್ಪಿಸಿಕೊಂಡ ಸಾಕುಮೀನು ಹೊಳೆಯ ತಳಿಯೊಂದಿಗೆ ಬೆರೆಯುತ್ತದೆ. ನಮ್ಮವರ ಮಾತಿನಲ್ಲಿ ಇದು ಬರುವುದೇ ಇಲ್ಲ.

ರಾವಸ್ ಕೊಳ್ಳುವಾಗ ಕೇಳಬೇಕಾದ ಪ್ರಶ್ನೆ ಬೇರೆ ಇದೆ: ಮೀನು ಎಷ್ಟು ದೊಡ್ಡದು? ಅದು ಮೊದಲು ಗಂಡಾಗಿದ್ದು, ದೊಡ್ಡದಾದ ಮೇಲೆ ಹೆಣ್ಣಾಗುವ ಮೀನು. ಬುಟ್ಟಿಯಲ್ಲಿ ಗೇಣುದ್ದದ ಮರಿಗಳೇ ತುಂಬಿದ್ದರೆ, ಮೊಟ್ಟೆಯಿಡುವ ಕಾಲ ಬರುವ ಮೊದಲೇ ಅವು ಬಲೆಗೆ ಬಿದ್ದಿವೆ ಎಂದರ್ಥ.