ಹೋಟ್ಲು ಕೆಳಗಿನ ದಾರಿ: 900 ಮಿಲಿಮೀಟರ್ ಲೆವೆಲ್ ಲೆಕ್ಕ

ಈ ಸೆಮಿಸ್ಟರ್ ಡಿಸೈನ್ ಪ್ರಾಜೆಕ್ಟು, ಮೈಸೂರು ಪೇಟೆ ಮಧ್ಯೆ ರೂಮುಗಳಿರೋ ಹೋಟ್ಲು, ಅದರ ಕೆಳಗಡೆ ಯಾರು ಬೇಕಾದ್ರೂ ನಡ್ಕೊಂಡ್ ಹೋಗೋ ಜಾಗ. ಸೈಟು 45 ಮೀಟರ್ ಉದ್ದ, ಹಿಂದೆ ಮುಂದೆ ಎರಡೂ ಕಡೆ ರೋಡು, ಹಿಂದಿನ ರೋಡು ಮುಂದಿನ ರೋಡಿಗಿಂತ 900 ಮಿಲಿಮೀಟರ್ ಎತ್ತರದಲ್ಲಿದೆ. ಮಧ್ಯೆ ಕಾರಿಡಾರ್ ಆಚೆ ಈಚೆ ರೂಮು, ಇದೆಲ್ಲ ಎಲ್ರಿಗೂ ಬರತ್ತೆ, ಬಿಡ್ತೀನಿ.

ದೇವರಾಜ ಮಾರ್ಕೆಟ್ ನೆನಪಿಸ್ಕೊಳ್ಳಿ. ಧನ್ವಂತ್ರಿ ರೋಡ್ ಕಡೆಯಿಂದ ಒಳಗೆ ಹೋದ್ರೆ ಹೂವು, ಕುಂಕುಮದ ರಾಶಿ, ಬಾಳೆಹಣ್ಣು ದಾಟಿ ಚಿಕ್ಕ ಗಡಿಯಾರದ ಹತ್ರ ಆಚೆ ಬರ್ತೀವಿ. ಏನೂ ತಗೊಳ್ದೇ ಇರೋರೂ ಅಲ್ಲಿಂದ ಹಾದು ಹೋಗ್ತಾರೆ, ಯಾಕಂದ್ರೆ ದಾರಿಗೆ ಎರಡು ಬಾಯಿ ಇದೆ. ಒಂದೇ ಬಾಯಿ ಇರೋ ಪ್ಲಾಜಾಗೆ ಎಷ್ಟು ಒಳ್ಳೆ ಕಲ್ಲು ಹಾಸಿದ್ರೂ ಹೊರಗಿನೋರು ಕಾಲಿಡಕ್ಕೆ ಹಿಂಜರೀತಾರೆ.

ಈಗ ನಾನು ಎರಡು ವಾರ ಒದ್ದಾಡಿದ್ದು. ಇಡೀ ನೆಲ ಒಂದೇ ಲೆವೆಲ್ ಮಾಡಿ ಹಿಂದಿನ ರೋಡ್ ಹತ್ರ 150 ಮಿಲಿಮೀಟರ್ ಎತ್ತರದ ಆರು ಮೆಟ್ಲು ಇಟ್ಟಿದ್ದೆ. ವೀಲ್‌ಚೇರು, ತಳ್ಳೋ ಗಾಡಿ, ಮಂಡಿನೋವಿನ ಅಜ್ಜಿ, ಎಲ್ರಿಗೂ ಅಲ್ಲೇ ದಾರಿ ಮುಗೀತು. ಪಕ್ಕದಲ್ಲಿ 1:12, ಅಂದ್ರೆ 1 ಮೀಟರ್ ಏರಕ್ಕೆ 12 ಮೀಟರ್ ಉದ್ದದ, ರ‍್ಯಾಂಪ್ ಹಾಕೋಣ ಅಂದ್ರೆ 0.9 ಇಂಟು 12, ಅಂದ್ರೆ 10.8 ಮೀಟರ್, ಜೊತೆಗೆ ಮೇಲೆ ಕೆಳಗೆ ನಿಲ್ಲಕ್ಕೆ ಸಮತಟ್ಟು ಜಾಗ, ಕೂರೋ ಕಟ್ಟೆಗೆ ಇಟ್ಟಿದ್ದ ಜಾಗವೆಲ್ಲ ಅದಕ್ಕೇ ಹೋಯ್ತು.

ಆಮೇಲೆ ಹೊಳೀತು, ಎತ್ತರವನ್ನ ಒಂದೇ ಕಡೆ ಗುಡ್ಡೆ ಹಾಕೋದ್ಯಾಕೆ, ಪೂರ್ತಿ ಉದ್ದಕ್ಕೂ ಹಂಚಿಬಿಡೋಣ ಅಂತ. 45 ಭಾಗಿಸು 0.9 ಅಂದ್ರೆ 50, ಇಳಿಜಾರು 1:50. ಕಾಲಿಗೆ ಗೊತ್ತೇ ಆಗಲ್ಲ, ಮಳೆ ನೀರೂ ನಿಲ್ಲದೆ ಮುಂದಕ್ಕೆ ಹರಿಯತ್ತೆ. ಒಂದು ಮೀಟರ್ ನಡೆದ್ರೆ 20 ಮಿಲಿಮೀಟರ್ ಏರ್ತೀವಿ, ಹಾಗಾಗಿ ಮುಂದಿನ ರೋಡಿಂದ 15ನೇ ಮೀಟರಲ್ಲಿ +300 (ಅಂದ್ರೆ ಆ ರೋಡಿಗಿಂತ 300 ಮಿಲಿಮೀಟರ್ ಮೇಲೆ), 30ನೇದರಲ್ಲಿ +600. ಕಾಫಿ ಅಂಗಡಿ ನೆಲ +300 ಇಟ್ಟು ಬಾಗಿಲು 15ರಲ್ಲಿ, ಲಾಬಿ ನೆಲ +600 ಇಟ್ಟು ಬಾಗಿಲು 30ರಲ್ಲಿ. ಎರಡಕ್ಕೂ ಹೊರಗಡೆ ಮೆಟ್ಲು ಬೇಡ. ಬಾಗಿಲಿನ ಜಾಗ ಲೆವೆಲ್ ನೋಡಿ ಹಿಡೀಬೇಕು, ಪ್ಲಾನಲ್ಲಿ ಚೆನ್ನಾಗಿ ಕಾಣತ್ತೆ ಅಂತ ಅಲ್ಲ.

ಇಲ್ಲೊಂದು ಸೂಕ್ಷ್ಮ ಇದೆ. 1.8 ಮೀಟರ್ ಅಗಲದ ಬಾಗಿಲಿನ ಈ ಅಂಚಿಗೂ ಆ ಅಂಚಿಗೂ ಹೊರಗಿನ ನೆಲ 36 ಮಿಲಿಮೀಟರ್ ವ್ಯತ್ಯಾಸ ಬರತ್ತೆ, ಹಾಗೇ ಬಿಟ್ರೆ ಒಂದು ಮೂಲೇಲಿ ಎಡವ್ತಾರೆ. ಅದಕ್ಕೆ ಬಾಗಿಲನ್ನ 1.5 ಮೀಟರ್ ಒಳಗೆ ಸರಿಸಿ, ಬಾಗಿಲಿನ ನಡು ಬಿಂದುವಿಗೆ ಲೆವೆಲ್ ಹಿಡಿದು, ಬಾಗಿಲ ಮುಂದೆ ಹಾಗೆ ಉಳಿಯೋ ಗೂಡಿನ ನೆಲದಲ್ಲೇ ಆಚೆ 18 ಈಚೆ 18 ಮಿಲಿಮೀಟರ್ ಸರಿಮಾಡ್ಬೇಕು.

ಲಾಂಡ್ರಿ, ಗ್ಯಾಸ್ ಸಿಲಿಂಡರ್, ತರಕಾರಿ ಗಾಡಿ ಪಕ್ಕದ ಗೇಟಿಂದ ಬರ್ಲಿ, ಈ ದಾರೀನ ಅಡ್ಡ ಹಾಯೋದು ಬೇಡ. ರಾತ್ರಿ ಬೀಗ ಹೋಟ್ಲು ಬಾಗಿಲಿಗೆ, ದಾರಿಗಲ್ಲ.