ಆಂಪಿಯರ್ ಕೇಳಬೇಡಿ, ಕರಗಿದ್ದನ್ನು ನೋಡಿ

ರಾಯಚೂರಿನಲ್ಲಿ ನನ್ನ ಹತ್ತಿರ ವೆಲ್ಡಿಂಗ್ ಕಲಿಯಲು ಬರುವ ಹುಡುಗರ ಮೊದಲ ಪ್ರಶ್ನೆ, "ಸಿಕ್ಸ್ ಜಿ ಎಷ್ಟು ದಿನದಾಗ ಕಲಸ್ತೀರಿ ಸರ್?" ಸಿಕ್ಸ್ ಜಿ ಅಂದರೆ ಪೈಪ್ ಬೆಸುಗೆಯ ಒಂದು ಕಷ್ಟದ ಭಂಗಿ, ಮುಂದೆ ಹೇಳುತ್ತೇನೆ. ಎರಡನೆಯದು, "ಆಂಪಿಯರ್ ಎಷ್ಟು ಇಡಬೇಕ್ರಿ?" ಮೊಬೈಲಿನಲ್ಲಿ ಯಾರೋ 110 ಅಂದಿರುತ್ತಾರೆ. ಆ ನಂಬರ್ ಸಿಕ್ಕರೆ ವಿದ್ಯೆಯೇ ಸಿಕ್ಕಿತು ಎಂದು ಇವರ ನಂಬಿಕೆ.

3.15 ಮಿ.ಮೀ. ದಪ್ಪದ 6013 ಎಂಬ ನಮೂನೆಯ ವೆಲ್ಡಿಂಗ್ ರಾಡಿಗೆ ಸಾಮಾನ್ಯವಾಗಿ 90ರಿಂದ 130 ಆಂಪಿಯರ್ ಒಳಗೆ ಎಲ್ಲೋ ಒಂದು ಕಡೆ ಹೊಂದುತ್ತದೆ. ಎಲ್ಲಿ ಎಂಬುದು ಪ್ಲೇಟಿನ ದಪ್ಪ, ಕೇಬಲ್ಲಿನ ಉದ್ದ, ಅರ್ಥ್ ಕ್ಲಾಂಪ್ ಎಷ್ಟು ಬಿಗಿ, ಆ ಹೊತ್ತಿನ ವೋಲ್ಟೇಜ್ ಎಷ್ಟು ಎಂಬುದರ ಮೇಲೆ ನಿಂತಿದೆ. ಬೇರೆಯವರ ನಂಬರಿನಿಂದ ಶುರು ಮಾಡಬಹುದು, ಅಷ್ಟೆ. ಮುಂದಿನದನ್ನು ನಿಮ್ಮ ಕಣ್ಣೇ ಹೇಳಬೇಕು.

ಹೊಸಬರ ಕಣ್ಣು ರಾಡಿನ ತುದಿಗೂ ಪ್ಲೇಟಿಗೂ ನಡುವೆ ಉರಿಯುವ ಆರ್ಕ್‌ನ ಬೆಳಕಿಗೇ ಅಂಟಿಕೊಳ್ಳುತ್ತದೆ. ನೋಡಬೇಕಾದ್ದು ಅದರ ಬೆನ್ನಿಗೆ ಕರಗಿ ನಿಂತದ್ದನ್ನು. ಅಲ್ಲಿರುವುದು ಎರಡು: ಕರಗಿದ ಕಬ್ಬಿಣ ಒಂದು, ರಾಡಿನ ಮೇಲಿನ ಲೇಪ ಕರಗಿ ಆದ ಸ್ಲ್ಯಾಗ್ ಇನ್ನೊಂದು. ಸ್ಲ್ಯಾಗ್ ಹಗುರ. ಹಾಲಿನ ಮೇಲೆ ಕೆನೆ ಕಟ್ಟಿದ ಹಾಗೆ ಮೇಲೆ ಬಂದು ಬಿಸಿ ಲೋಹಕ್ಕೆ ಗಾಳಿ ತಾಗದಂತೆ ಕಾಯುವುದು ಅದರ ಕೆಲಸ. ಕರೆಂಟ್ ಕಡಿಮೆಯಾದರೆ, ಆರ್ಕ್ ಉದ್ದವಾದರೆ, ರಾಡಿನ ಓರೆ ತಪ್ಪಿದರೆ ಅದು ಹಿಂದೆ ನಿಲ್ಲದೆ ಮುಂದಕ್ಕೆ ಹರಿಯುತ್ತದೆ. ಅದರ ಮೇಲೆಯೇ ಲೋಹ ಬೀಳುತ್ತದೆ, ಸ್ಲ್ಯಾಗ್ ಒಳಗೇ ಉಳಿಯುತ್ತದೆ. ಕಪ್ಪು ಗಾಜಿನ ಹಿಂದಿನಿಂದ ಮೊದಮೊದಲು ಎರಡೂ ಒಂದೇ ಥರ ಕಾಣುತ್ತವೆ. ಲೋಹದ ಅಂಚು ನೋಡು, ಸ್ಲ್ಯಾಗ್ ಹೇಗೆ ತೇಲಾಡ್ತದ ನೋಡು ಅನ್ನುತ್ತೇನೆ. ಹುಡುಗ ಹೂಂ ಅನ್ನುತ್ತಾನೆ, ಕಂಡಿರುವುದಿಲ್ಲ. ಪೊಟ್ಟಣಗಟ್ಟಲೆ ರಾಡ್ ಸುಟ್ಟ ಮೇಲೆ ಒಂದು ದಿನ ತಾನಾಗಿಯೇ ಕೈ ನಿಲ್ಲಿಸಿ, "ಸರ್, ಸ್ಲ್ಯಾಗ್ ಮುಂದ ಬಂತ್ರಿ" ಅನ್ನುತ್ತಾನೆ. ಆ ದಿನ ನನಗೆ ಹಬ್ಬ.

ಅಷ್ಟು ಕಾಯಲಾರದವರು ಗ್ರೈಂಡರ್ ಹಿಡಿಯುತ್ತಾರೆ. ಮಾನ್ವಿ ಕಡೆಯ ರೈತರೊಬ್ಬರು ಹತ್ತಿ ಮಾರಿದ ದುಡ್ಡು ತಂದು ಮಗನನ್ನು ಸೇರಿಸಿದ್ದರು. ಗಲ್ಫಿಗೆ ಕಳಿಸುವ ಏಜೆಂಟನದು ಒಂದೇ ಅವಸರ. ಹುಡುಗ ಚುರುಕು. ಪ್ರತಿಯೊಂದು ಬೆಸುಗೆಯ ಮೇಲೂ ಗ್ರೈಂಡರ್ ಆಡಿಸಿ ಒಪ್ಪ ಮಾಡಿ ತೋರಿಸುತ್ತಿದ್ದ. ಅಪ್ಪ ನೋಡಲು ಬಂದ ದಿನ ಅದರಲ್ಲೊಂದನ್ನು ವೈಸಿಗೆ ಕಟ್ಟಿಸಿ, ಅವನ ಕೈಯಿಂದಲೇ ಸುತ್ತಿಗೆ ಹೊಡೆಸಿ ಮುರಿಸಿದೆ. ಮುರಿದ ಕಡೆ ಉದ್ದಕ್ಕೂ ಕಪ್ಪು ಗೆರೆ. "ಮ್ಯಾಲೆ ಚಂದ ಐತಿ, ಒಳಗ ಕಸ ತುಂಬೀಯಲ್ಲೋ ತಮ್ಮಾ" ಎಂದರು ಅಪ್ಪ. ನಾನು ಏನೂ ಹೇಳಬೇಕಾಗಲಿಲ್ಲ. ಏಜೆಂಟನ ಗಡುವು ದಾಟಿತು, ಹುಡುಗ ಉಳಿದು ಕಲಿತ. ಈಗ ಪೈಪ್ ಕೆಲಸದಲ್ಲಿದ್ದಾನೆ.

ಸಿಕ್ಸ್ ಜಿ ಅಂದರೆ ಪೈಪನ್ನು 45 ಡಿಗ್ರಿ ಓರೆಯಾಗಿ, ತಿರುಗದಂತೆ ಕಟ್ಟಿ ಸುತ್ತಲೂ ಬೆಸೆಯುವುದು. ಒಂದೇ ಸುತ್ತಿನಲ್ಲಿ ಕೈಯ ಭಂಗಿ ಮತ್ತೆ ಮತ್ತೆ ಬದಲಾಗುತ್ತದೆ. ಪೈಪಿನ ಅಡಿಯಲ್ಲಿ ಕರಗಿದ್ದೆಲ್ಲ ಕೆಳಗೆ ಜಾರಲು ನೋಡುತ್ತದೆ. ಸಪಾಟು ಪ್ಲೇಟಿನ ಮೇಲೆ ಸ್ಲ್ಯಾಗ್ ಗುರುತಿಸಲಾರದವನು ಅಲ್ಲಿ ಏನು ನೋಡಿಯಾನು? ನಮ್ಮ ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಇರುವಂಥ 210 ಮೆಗಾವ್ಯಾಟ್ ಘಟಕದಲ್ಲಿ ಟರ್ಬೈನಿಗೆ ಹೋಗುವ ಉಗಿಯ ಬಿಸಿ ಸುಮಾರು 540 ಡಿಗ್ರಿ. ಬಾಯ್ಲರಿನ ಒಂದು ಟ್ಯೂಬ್ ಸೋರಿದರೆ ಸಾಮಾನ್ಯವಾಗಿ ಇಡೀ ಘಟಕವನ್ನೇ ನಿಲ್ಲಿಸಬೇಕು. ಅಂಥ ಟ್ಯೂಬ್ ಬೆಸೆಯುವವನು 1950ರ ಭಾರತೀಯ ಬಾಯ್ಲರ್ ನಿಯಮಾವಳಿಯ ಪ್ರಕಾರ ಪರೀಕ್ಷೆ ಪಾಸಾಗಿರಬೇಕು. ಗ್ರೈಂಡರ್ ಮುಚ್ಚಿದ ಕಸ ಎಕ್ಸ್‌ರೇ ಫಿಲ್ಮಿನಲ್ಲಿ ಕಪ್ಪಗೆ ಮೂಡುತ್ತದೆ.

ಐಟಿಐ ವೆಲ್ಡರ್ ಕೋರ್ಸ್ 1 ವರ್ಷದ್ದು. ಕೆಲವರ ಕೈ ಬೇಗ ಕೂಡುತ್ತದೆ, ಕೆಲವರದು ತಡ. ಇಷ್ಟೇ ದಿನ ಎಂದು ಮಾತು ಕೊಟ್ಟು ಫೀಸು ತೆಗೆದುಕೊಳ್ಳಲು ನನಗೆ ಮನಸ್ಸು ಬರುವುದಿಲ್ಲ.

ತಂದೆತಾಯಂದಿರಲ್ಲಿ ಒಂದು ಮಾತು. ಮಗನನ್ನು ಎಲ್ಲಿ ಸೇರಿಸಿದರೂ ದುಡ್ಡು ಕಟ್ಟುವ ಮೊದಲು ಎರಡು ವಿಷಯ ಕೇಳಿ: ದಿನಕ್ಕೆ ಅವನ ಕೈಗೆ ಎಷ್ಟು ರಾಡ್ ಕೊಡುತ್ತೀರಿ? ಬೆಸೆದದ್ದನ್ನು ಮುರಿದು ತೋರಿಸುತ್ತೀರಾ? ರಾಡಿಗೆ ದುಡ್ಡು ಬೀಳುತ್ತದೆ, ಹಾಗಾಗಿ ಉಳಿಸುವವರು ಮೊದಲು ಉಳಿಸುವುದು ಅದನ್ನೇ. ಹತ್ತು ಹುಡುಗರು ಒಂದು ಮಷೀನಿನ ಸುತ್ತ ನಿಂತು ನೋಡುತ್ತಿದ್ದರೆ, ಆ ಜಾಗಕ್ಕೆ ಫೀಸು ಕಟ್ಟಬೇಡಿ.