ಸಿಂಗಾಪುರದ ಮೆಟ್ರೊ ನಿಲ್ದಾಣಕ್ಕೆ ಅರಬ್ ವರ್ತಕರ ಹೆಸರೇಕೆ?

ಪ್ರಶ್ನೆ: ಸಿಂಗಾಪುರದಲ್ಲಿ ಮಗಳ ಮನೆಗೆ ಹೋಗುವಾಗ ‘ಅಲ್‌ಜುನೈದ್’ ಎಂಬ ಮೆಟ್ರೊ ನಿಲ್ದಾಣ ಸಿಗುತ್ತಿತ್ತು. ಚೀನೀಯರೇ ಹೆಚ್ಚಿರುವ ಊರಿಗೆ ಈ ಹೆಸರು ಎಲ್ಲಿಂದ ಬಂತು?

ಉತ್ತರ: ಅದೊಂದು ವರ್ತಕ ಮನೆತನದ ಹೆಸರು. ಮೂಲ, ಈಗಿನ ಯೆಮನ್‌ನ ಹದ್ರಮೌತ್ ಸೀಮೆ. ಹೈದರಾಬಾದ್ ನಿಜಾಮರ ಸೇನೆಗೆ ಬಂದ ಅರಬ್ಬರೂ ಬಹುಪಾಲು ಅದೇ ಕಡೆಯವರು. ಬ್ರಿಟಿಷ್ ಅಧಿಕಾರಿ ರಾಫೆಲ್ಸ್ 1819ರಲ್ಲಿ ಸಿಂಗಾಪುರದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಬಾವುಟ ನೆಟ್ಟ ಬೆನ್ನಿಗೇ ಸುಮಾತ್ರಾದ ಪಾಲೆಂಬಾಂಗ್‌ನಿಂದ ಸೈಯದ್ ಮೊಹಮ್ಮದ್ ಬಿನ್ ಹಾರೂನ್ ಅಲ್‌ಜುನೈದ್ ಮತ್ತು ಅವರ ಬಂಧು ಸೈಯದ್ ಒಮರ್ ಬಂದಿಳಿದರು. ಹೊಸ ಬಂದರಿಗೆ ವ್ಯಾಪಾರ ಹರಿದುಬರಬೇಕಾದರೆ ದ್ವೀಪದ್ವೀಪಗಳಲ್ಲಿ ನೆಂಟಸ್ತಿಕೆ, ಹಡಗು, ನಂಬಿಕೆ ಎಲ್ಲ ಇದ್ದ ಅರಬ್ಬರು ಬೇಕೆಂದು ರಾಫೆಲ್ಸ್‌ಗೆ ಗೊತ್ತಿತ್ತು. 1822ರ ನಗರ ಯೋಜನೆಯಲ್ಲಿ ಅವರಿಗೆಂದೇ ಒಂದು ಕೇರಿ ಮೀಸಲಿಟ್ಟ. 1824ರ ಗಣತಿಯಲ್ಲಿ ಹತ್ತು ಸಾವಿರಕ್ಕೂ ಮಿಕ್ಕಿದ ಜನರಲ್ಲಿ ಅರಬ್ಬರು ಬರೀ 15 ಮಂದಿ!

ಸೈಯದ್ ಒಮರ್ 1820ರಲ್ಲೇ ನದಿಯ ದಕ್ಷಿಣಕ್ಕೆ ಮರದ ಮಸೀದಿಯೊಂದನ್ನು ಕಟ್ಟಿಸಿದರು. ಕಾಂಪೊಂಗ್ ಮಲಾಕದ ಆ ಒಮರ್ ಮಸೀದಿಯೇ ಸಿಂಗಾಪುರದಲ್ಲಿ ಎಲ್ಲಕ್ಕಿಂತ ಹಳೆಯದು. 1855ರಲ್ಲಿ ಅವರ ಮಗ ಅಬ್ದುಲ್ಲಾ ಅದನ್ನು ಇಟ್ಟಿಗೆಯಲ್ಲಿ ಕಟ್ಟಿಸಿದರು.

ಮಸೀದಿಯ ವಿಷಯ ಎಲ್ಲರೂ ಬರೆಯುತ್ತಾರೆ. ನನ್ನ ಮಟ್ಟಿಗೆ ದೊಡ್ಡದು ಬಾವಿಗಳ ಕಥೆ. ಊರು ದಿನದಿನಕ್ಕೆ ಬೆಳೆಯುತ್ತಿತ್ತು, ನಲ್ಲಿ ನೀರು ಮಾತ್ರ ಇರಲಿಲ್ಲ. ಆನ್ ಸಿಯಾಂಗ್ ಗುಡ್ಡದ ಬಾವಿಯಿಂದ ಎತ್ತಿನ ಗಾಡಿಗಳಲ್ಲಿ ನೀರು ಹೇರಿಕೊಂಡು ಬರುತ್ತಿದ್ದ ಕಾಲ. ಆಗ ಸೈಯದ್ ಮೊಹಮ್ಮದರ ಮಗ ಸೈಯದ್ ಅಲಿ ಸ್ವಂತ ಖರ್ಚಿನಲ್ಲಿ ಊರಿನ ನಾಲ್ಕು ಕಡೆ ಸಾರ್ವಜನಿಕ ಬಾವಿ ತೋಡಿಸಿದರು. ಸೆಲೆಗಿ ರಸ್ತೆಯಲ್ಲಿ ಒಂದು, ಬ್ರಾಸ್ ಬಸಾದಲ್ಲಿ ಒಂದು. ಸೇದಿಕೊಂಡವರಿಗೆ ನೀರು ಪುಕ್ಕಟೆ. ಸರ್ಕಾರದ ಕೊಳವೆ ನೀರು ಊರು ಮುಟ್ಟಿದ್ದು 1870ರ ದಶಕದಲ್ಲಿ. ಅಲ್ಲಿಯತನಕ ಕೂಲಿಕಾರನ ಬಾಯಾರಿಕೆಗೆ ಆಸರೆಯಾದದ್ದು ಇಂಥ ಬಾವಿಗಳೇ. ಚೀನೀ ವರ್ತಕರೊಬ್ಬರು ಬಡರೋಗಿಗಳಿಗೆ ಕಟ್ಟಿಸಿದ ತಾನ್ ತೋಕ್ ಸೆಂಗ್ ಆಸ್ಪತ್ರೆಗೂ ಸೈಯದ್ ಅಲಿ ಜಮೀನು ಕೊಟ್ಟರು. ದಾನಕ್ಕೆ ಜಾತಿ ಮತ ನೋಡದ ಈ ಗುಣ ನನಗೆ ಬಹಳ ಹಿಡಿಸುತ್ತದೆ.

ಇಷ್ಟೆಲ್ಲ ತಲೆಮಾರುಗಟ್ಟಲೆ ನಡೆದದ್ದು ವಕ್ಫ್‌ನಿಂದ. ಅಂಗಡಿಯನ್ನೋ ಮನೆಯನ್ನೋ ದೇವರ ಹೆಸರಿಗೆ ಬಿಟ್ಟರೆ ಮತ್ತೆ ಮಾರುವಂತಿಲ್ಲ. ಮುತವಲ್ಲಿ ಎಂಬ ಮೇಲ್ವಿಚಾರಕ ಅದನ್ನು ನೋಡಿಕೊಳ್ಳುತ್ತಾನೆ, ಬಾಡಿಗೆ ಧರ್ಮಕಾರ್ಯಕ್ಕೆ ಹೋಗುತ್ತದೆ. ಕೆಲವು ಕಡೆ ಆಡಳಿತ ಕೆಟ್ಟಾಗ ಬ್ರಿಟಿಷರು 1905ರಲ್ಲಿ ಮುಸ್ಲಿಂ ಮತ್ತು ಹಿಂದೂ ದತ್ತಿಗಳಿಗೆ ಒಂದೇ ಮಂಡಳಿ ಮಾಡುವ ಕಾನೂನು ತಂದರು. ದೊಡ್ಡ ಪೆಟ್ಟು ಬಿದ್ದದ್ದು ಎರಡನೇ ಮಹಾಯುದ್ಧವಾದ ಮೇಲೆ. 1947ರ ಬಾಡಿಗೆ ನಿಯಂತ್ರಣ ಕಾನೂನು ಬಂದು ಬಾಡಿಗೆ ಯುದ್ಧಕ್ಕೆ ಮುಂಚಿನ ದರಕ್ಕೇ ನಿಂತುಬಿಟ್ಟಿತು, ರಿಪೇರಿ ಖರ್ಚು ಮಾತ್ರ ಏರುತ್ತಾ ಹೋಯಿತು. 1966ರ ಭೂಸ್ವಾಧೀನ ಕಾಯ್ದೆ ಬಂದ ಮೇಲೆ ಎಷ್ಟೋ ಜಮೀನೂ ಕೈಬಿಟ್ಟಿತು.

ಉಳಿದದ್ದೂ ಇದೆ. ಮನೆತನದ ಸೈಯದ್ ಅಬ್ದುಲ್ ರಹಮಾನ್ 1927ರಲ್ಲಿ ಶುರುಮಾಡಿದ ಮದರಸಾ ಈಗಲೂ ನಡೆಯುತ್ತಿದೆ. ಸೈಯದ್ ಒಮರ್ 1845ರಲ್ಲಿ ಇಟ್ಟಿಗೆಯಲ್ಲಿ ಕಟ್ಟಿಸಿಕೊಟ್ಟಿದ್ದ ಬೆಂಕೂಲೆನ್ ಮಸೀದಿಯ ಜಾಗದಲ್ಲಿ 2004ರ ಹೊತ್ತಿಗೆ ಹೊಸ ಕಟ್ಟಡ ಎದ್ದಿತು. ಅದರಲ್ಲಿ ಮಸೀದಿಯ ಜೊತೆಗೇ ಕಚೇರಿಗಳು ಮತ್ತು ಸರ್ವಿಸ್ ಅಪಾರ್ಟ್‌ಮೆಂಟ್‌ಗಳಿವೆ, ಆ ವರಮಾನ ವಕ್ಫ್‌ಗೆ ಸೇರುತ್ತದೆ.